ಮೂವತ್ತನೆಯ ಅರಿವೆ

ನರ್ಸಿಂಗ್ ಶಾಲೆಯ ಹುಡುಗಿಯರು ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ಇಪ್ಪತ್ತರ ಎಳೆಯರ ನಡುವೆ ಮೂವತ್ಮೂರರ ಹೆಂಗಸೊಬ್ಬಳು ಬಂದು ಬೆಂಚಿನ ತುದಿಯಲ್ಲಿ ಕುಳಿತಾಗ, ಏನೆಂದು ಕರೆಯಬೇಕೆಂದು ತೋಚದೆ ಯಾರೋ ನಗೆಯಾಡಿ ಇಟ್ಟ ಹೆಸರು ಅದು. ಮೊದಮೊದಲು ಅದರಲ್ಲೊಂದು ಮುಳ್ಳಿತ್ತು. ದಿನ ಸವೆದಂತೆ ಮುಳ್ಳು ಮೊಂಡಾಗಿ ಹೆಸರಷ್ಟೇ ಉಳಿಯಿತು.

ಅದಕ್ಕೆ ಮುಂಚೆ ಒಂಬತ್ತು ವರ್ಷ ಅವಳು ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಕೆಳಗಿನ ಕೆಲಸದವರಿಗೆಂದು ವರ್ಷಕ್ಕೊಂದು ಸೀಟನ್ನು ಶಾಲೆ ಎತ್ತಿಡುತ್ತಿತ್ತು. ಆ ಸೀಟಿಗಾಗಿ ಆಯಾ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬರಬೇಕೆಂಬುದು ನಿಯಮ. ವಿದ್ಯಾರ್ಥಿನಿಯರು ಹಾಸ್ಟೆಲಿನಲ್ಲೇ ಇರಬೇಕೆಂಬುದು ಇನ್ನೊಂದು ನಿಯಮ. ಹಾಗಾಗಿ ಎಂಟು ವರ್ಷದ ಮಗಳು ಅತ್ತಿಗೆಯ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು. ತಾಯಿಗೆ ಅವಳನ್ನು ನೋಡಲು ಭಾನುವಾರ ನಾಲ್ಕರಿಂದ ಆರರವರೆಗೆ ಅಪ್ಪಣೆ. ಕಳೆದ ವರ್ಷ ಮಗಳು ಟೈಫಾಯ್ಡಿನಿಂದ ಮಲಗಿದಾಗ ಅತ್ತಿಗೆ ಹನ್ನೊಂದು ದಿನ ಹೋಗಿ ಕುಳಿತಳು. ಹಾಜರಿ ಎರಡು ದಿನ ಕಡಿಮೆ ಬಿತ್ತು, ಪರೀಕ್ಷೆಗೆ ಕೂರಿಸಲಿಲ್ಲ, ಒಂದು ವರ್ಷ ಕೈಬಿಟ್ಟಿತು. ಇನ್ನೊಮ್ಮೆ ಪರೀಕ್ಷೆ ತಪ್ಪಿದರೆ ಹೆಸರನ್ನೇ ತೆಗೆಯುತ್ತಾರೆ. ಸೀಟೂ ಇಲ್ಲ, ಬಿಟ್ಟುಬಂದ ಕೆಲಸವೂ ಇಲ್ಲ.

ನಿಯಮಗಳೆಲ್ಲ ಹಸಿರು ರಟ್ಟಿನ ಪುಸ್ತಕವೊಂದರಲ್ಲಿದ್ದವು. ಪೂರ್ವದ ಧರ್ಮಶಾಸ್ತ್ರಕಾರರು ಎಷ್ಟೇ ಕಠಿಣರಾದರೂ ಆಪತ್ತಿನಲ್ಲಿ ಸಿಕ್ಕಿದವನಿಗೆಂದು ಒಂದು ಅಧ್ಯಾಯವನ್ನು ಬೇರೆಯಾಗಿ ಬರೆದಿಟ್ಟರು. ಮನುಷ್ಯನಿಗೆ ಕಾಲ ಕೆಡುವುದುಂಟೆಂಬುದನ್ನು ಅವರು ಬಲ್ಲವರು. ಈ ಹಸಿರು ಪುಸ್ತಕವನ್ನು ಬರೆದವರಿಗೆ ಜನ್ಮದಲ್ಲಿ ಒಮ್ಮೆಯೂ ಜ್ವರ ಬಂದಿರಲಿಲ್ಲವೆಂದು ತೋರುತ್ತದೆ.

ಔಷಧಶಾಸ್ತ್ರದ ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಪರೀಕ್ಷೆಯ ದಿನವೆಂದು ಬೆಳಗಿನ ಕೆಲಸಕ್ಕೆ ವಿನಾಯಿತಿಯಿಲ್ಲ. ಕೆಲಸ ಒಂದಕ್ಕೆ ಮುಗಿಯುತ್ತದೆ, ಊಟಕ್ಕೂ ಓದಿಗೂ ಸೇರಿ ಒಂದು ಗಂಟೆ ಧಾರಾಳವಾಗಿ ಉಳಿಯುತ್ತದೆ ಎಂಬುದು ಹಸಿರು ಪುಸ್ತಕದ ಗಣಿತ. ಅತ್ತಿಗೆಗೆ ಅಂದು ಆಪರೇಷನ್ ಥಿಯೇಟರಿನಲ್ಲಿ ಕರಿಹಲಗೆಯ ಕೆಲಸ ಬಿದ್ದಿತ್ತು.

ಕರಿಹಲಗೆಯ ಕೆಲಸವೆಂದರೆ ಲೆಕ್ಕ. ಹೊಟ್ಟೆಯನ್ನು ತೆರೆದಾಗ ರಕ್ತ ಹೀರುವುದಕ್ಕೂ ಕರುಳನ್ನು ಬದಿಗೆ ಒತ್ತಿ ಹಿಡಿಯುವುದಕ್ಕೂ ಅಂಗೈಯಗಲದ ಬಿಳಿಯ ಅರಿವೆಗಳನ್ನು ಬಳಸುತ್ತಾರೆ. ಥಿಯೇಟರಿನವರು ಅದನ್ನು ಮಾಪ್ ಎನ್ನುತ್ತಾರೆ. ಒಂದೊಂದರಲ್ಲೂ ಎಕ್ಸ್‌ರೇಗೆ ಕಾಣುವ ನೀಲಿಯ ಎಳೆಯೊಂದನ್ನು ನೇಯ್ದಿರುತ್ತಾರೆ. ಅವು ಐದೈದರ ಕಟ್ಟಾಗಿ ಬರುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಥಿಯೇಟರಿನ ಸಿಸ್ಟರ್ ಕಟ್ಟು ಬಿಚ್ಚಿ ಒಂದೊಂದನ್ನೇ ಎತ್ತಿ ತೋರಿಸಬೇಕು. ವಿದ್ಯಾರ್ಥಿನಿ ಗಟ್ಟಿಯಾಗಿ ಎಣಿಸಿ ಹಲಗೆಯ ಮೇಲೆ ಬರೆಯಬೇಕು. ಬಳಸಿ ಬಿಸುಟದ್ದನ್ನು ಚಿಮಟದಿಂದ ಹೆಕ್ಕಿ, ಸಾಲಿಗೆ ಐದರಂತೆ ಕೊಕ್ಕೆಗಳಿಗೆ ತೂಗುಹಾಕಬೇಕು. ಹೊಟ್ಟೆ ಮುಚ್ಚುವ ಮೊದಲು ಎರಡೂ ಸಂಖ್ಯೆ ಕೂಡಬೇಕು. ಕೂಡದಿದ್ದರೆ ಬಾಗಿಲಿಗೆ ಅಗುಳಿ ಬೀಳುತ್ತದೆ, ಒಳಗಿದ್ದವರು ಯಾರೂ ಹೊರಗೆ ಹೋಗುವಂತಿಲ್ಲ. ಎಣಿಸಿಕೊಂಡವಳೇ ಎಣಿಸಿ ಒಪ್ಪಿಸಬೇಕು. ಅವಳ ಬದಲಿಗೆ ಇನ್ನೊಬ್ಬಳು ಬರುವಂತಿಲ್ಲ.

ಆದರೆ ಬಿಡಿಬಿಡಿಯಾಗಿ ಎತ್ತಿ ತೋರಿಸುವುದು ಹೊತ್ತು ತಿನ್ನುವ ಕೆಲಸ. ಪಳಗಿದವರು ಕಟ್ಟಿನ ಅಂಚನ್ನು ಇಸ್ಪೀಟಿನ ಎಲೆಗಳಂತೆ ಹೆಬ್ಬೆರಳಿನಿಂದ ಸರ್ರನೆ ಸರಿಸಿ ‘ಐದು’ ಎಂದುಬಿಡುತ್ತಾರೆ. ಅಂದೂ ನಾಲ್ಕನೆಯ ಕಟ್ಟಿಗೆ ಬರುವಷ್ಟರಲ್ಲಿ ಸಿಸ್ಟರಿನ ಹೆಬ್ಬೆರಳಿಗೆ ಆತುರ ಹುಟ್ಟಿತು.

“ಸಿಸ್ಟರ್, ನಾಲ್ಕನೇದು ಇನ್ನೊಂದ್ಸಲ ತೋರಿಸ್ತೀರಾ? ನಂಗೆ ಬಿಡಿಯಾಗಿ ಕಾಣ್ಲಿಲ್ಲ.”

“ಕಣ್ಣು ಪರೀಕ್ಷೆ ಮಾಡಿಸ್ಕೊ ಅತ್ತಿಗೆ. ವಯಸ್ಸಾಯ್ತು.”

“ಮಾಡಿಸ್ಕೊತೀನಿ. ಇದೊಂದು ತೋರಿಸ್ಬಿಡಿ.”

ಕೈ ತೊಳೆದು ನಿಂತಿದ್ದ ಸರ್ಜನ್ ಮುಖಗವುಸಿನೊಳಗೆ ನಕ್ಕರು. “ತೋರಿಸಮ್ಮಾ, ತೋರಿಸು. ನಮ್ಮ ಅತ್ತಿಗೆ ತರಕಾರಿ ಕೊಳ್ಳೋಕೆ ಬಂದಿದಾರೆ, ಒಂದೊಂದೇ ತಿರುವಿ ನೋಡ್ಬೇಕು ಅವರಿಗೆ.”

ಸಿಸ್ಟರ್ ಒಂದೊಂದನ್ನೇ ಎತ್ತಿ, ಪ್ರತಿಯೊಂದನ್ನೂ ಅವಳ ಮುಖಕ್ಕೆ ಹೊಡೆಯುವಂತೆ ಕೊಡವಿ ತೋರಿಸಿದಳು. ಐದಿತ್ತು. ಉಳಿದೆರಡು ಕಟ್ಟುಗಳನ್ನೂ ಅದೇ ಸಿಟ್ಟಿನಲ್ಲಿ ಬಿಡಿಯಾಗಿಯೇ ತೋರಿಸಿದಳು. ಅತ್ತಿಗೆ ಹಲಗೆಯ ಮೇಲೆ ಮೂವತ್ತು ಎಂದು ಬರೆದಳು.

ಮೇಜಿನ ಮೇಲೆ ಮಲಗಿದ್ದವರು ಗಡಿಯಾರ ದುರಸ್ತಿ ಮಾಡುವ ಅರವತ್ತೇಳು ವರ್ಷದ ಮುದುಕರು. ಪಿತ್ತಕೋಶ ಕೊಳೆತು ಅಕ್ಕಪಕ್ಕಕ್ಕೆ ಅಂಟಿಕೊಂಡಿತ್ತು. ಬಿಡಿಸುವುದು ತಡವಾಯಿತು, ರಕ್ತವೂ ಹರಿಯಿತು; ಅರಿವೆಯ ಮೇಲೆ ಅರಿವೆ ಒಳಹೋಗಿ ಕೆಂಪಾಗಿ ಹೊರಬಂತು. ಒಂದು ಗಂಟೆ ಹತ್ತು ನಿಮಿಷಕ್ಕೆ ಸರ್ಜನ್ ಹೊಲಿಗೆಗೆ ಕೈಚಾಚಿದರು. ಅತ್ತಿಗೆ ಕೊಕ್ಕೆಗಳನ್ನು ನೋಡಿದಳು. ಐದು ಸಾಲು ತುಂಬಿತ್ತು. ಆರನೆಯದರಲ್ಲಿ ಒಂದು ಕೊಕ್ಕೆ ಬರಿದಾಗಿತ್ತು.

“ಇಪ್ಪತ್ತೊಂಬತ್ತು,” ಎಂದಳು.

ಸಿಸ್ಟರ್ ತನ್ನ ತಟ್ಟೆಯನ್ನು ನೋಡಿದಳು; ಬಳಸದೆ ಉಳಿದದ್ದು ಒಂದೂ ಇರಲಿಲ್ಲ. “ಮತ್ತೆ ಎಣಿಸು.”

ಮತ್ತೆ ಎಣಿಸಿದಳು. ಬಕೆಟ್ಟನ್ನು ಬೋರಲು ಹಾಕಿದಳು. ಮೇಜಿನಡಿ, ರಕ್ತದ ಬಟ್ಟೆಗಳ ಗಂಟಿನಲ್ಲಿ, ಎಲ್ಲರ ಚಪ್ಪಲಿಯ ಅಟ್ಟೆಗಳಲ್ಲಿ ಹುಡುಕಿದಳು. ಇಪ್ಪತ್ತೊಂಬತ್ತೇ. ಸಿಸ್ಟರ್ ಬಾಗಿಲಿಗೆ ಅಗುಳಿ ಹಾಕಿಸಿದಳು. ಸರ್ಜನ್ ಒಳಗೆ ಕೈಯಾಡಿಸಿ, ಏನೂ ಇಲ್ಲವೆಂದು ತಲೆಯಾಡಿಸಿದರು.

ಆಗ ಒಂದೂವರೆಯಾಗಿತ್ತು. ಅರಿವಳಿಕೆಯ ವೈದ್ಯರು ರೋಗಿಯ ತಲೆಯ ಬಳಿ ಕುಳಿತಲ್ಲಿಂದಲೇ ಹೇಳಿದರು: “ಇವರು ಇನ್ನೆಷ್ಟು ಹೊತ್ತು ಮಲಗ್ಬೇಕು ಅಂತ ಯಾರಾದ್ರೂ ಹೇಳಿದ್ರೆ, ನಾನೂ ನನ್ನ ಔಷಧಿ ಅಳ್ಕೊತೀನಿ.”

ಸರ್ಜನ್ ಅತ್ತಿಗೆಯ ಕಡೆಗೆ ತಿರುಗಿದರು. ಈ ಬಾರಿ ಅವರ ದನಿಯಲ್ಲಿ ಜೇನು ಸವರಿತ್ತು.

“ಇವತ್ತು ನಿಮಗೆ ಪರೀಕ್ಷೆ ಅಲ್ವೇನಮ್ಮಾ?”

“ಹೌದು ಸಾರ್. ಎರಡಕ್ಕೆ.”

“ಒಂದೊಂದ್ಸಲ ಕಟ್ಟಿನಲ್ಲಿ ನಾಲ್ಕೇ ಬಂದಿರುತ್ತೆ. ಪ್ಯಾಕ್ ಮಾಡೋರ ತಪ್ಪು, ನಿನ್ನದಲ್ಲ. ಮೊದಲೇ ಇಪ್ಪತ್ತೊಂಬತ್ತು ಇತ್ತು ಅಂತ ತಿದ್ದು. ನಾನು ಹೊಟ್ಟೆ ಮುಚ್ತೀನಿ, ನೀನು ಹೋಗಿ ಪರೀಕ್ಷೆ ಬರಿ. ಎಲ್ಲರಿಗೂ ಒಳ್ಳೇದು.”

“ಬಿಡಿಯಾಗಿ ಎಣಿಸಿದೀನಿ ಸಾರ್. ಮೂವತ್ತಿತ್ತು. ಸಿಸ್ಟರೂ ನೋಡಿದಾರೆ.”

ಎಲ್ಲರೂ ಸಿಸ್ಟರಿನತ್ತ ನೋಡಿದರು. ಸಿಸ್ಟರ್ ಕತ್ತರಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಆಗಲೇ ಸಾಲಾಗಿದ್ದ ಕತ್ತರಿಗಳನ್ನು. “ಎಣಿಸಿದ್ದು ಅವಳು,” ಎಂದಳು.

“ಹಾಗಾದ್ರೆ ಎಕ್ಸ್‌ರೇ ಕರೆಸಿ,” ಎಂದಳು ಅತ್ತಿಗೆ. ವಿದ್ಯಾರ್ಥಿನಿ ಆಡುವ ಮಾತಲ್ಲ ಅದು; ಆಡಿದ ಮೇಲೆ ಅವಳ ಕಿವಿಗೇ ಅದು ಬೇರೆಯವರ ದನಿಯಂತೆ ಕೇಳಿತು.

“ಕರೆಸ್ತೀನಿ,” ಎಂದರು ಸರ್ಜನ್, ಜೇನು ಒಣಗಿದ ದನಿಯಲ್ಲಿ. “ಏನೂ ಸಿಗದೆ ಹೋದ್ರೆ ನಿನ್ನನ್ನ ಎಲ್ಲಿಗೆ ಕಳಿಸ್ಬೇಕು ಅಂತಾನೂ ನಂಗೊತ್ತು.”

ಎಕ್ಸ್‌ರೇಯವನು ಊಟಕ್ಕೆ ಹೋಗಿದ್ದ. ಅವನು ಕೈ ತೊಳೆದು, ಯಂತ್ರವನ್ನು ತಳ್ಳಿಕೊಂಡು ಬರುವ ಹೊತ್ತಿಗೆ ಗೋಡೆಯ ಗಡಿಯಾರದಲ್ಲಿ ಎರಡಾಯಿತು. ಅಂಗಳದಾಚೆಯ ಕಟ್ಟಡದಲ್ಲಿ ಪರೀಕ್ಷೆಯ ಗಂಟೆ ಬಾರಿಸಿದ್ದು ಥಿಯೇಟರಿನೊಳಕ್ಕೂ ಕೇಳಿಸಿತು. ಎರಡು ಹತ್ತರ ಮೇಲೆ ಪರೀಕ್ಷೆಯ ಕೋಣೆಗೆ ಯಾರನ್ನೂ ಬಿಡುವುದಿಲ್ಲ. ಎರಡು ಹತ್ತಕ್ಕೆ ಸರಿಯಾಗಿ ಚಿತ್ರ ಪರದೆಯ ಮೇಲೆ ಮೂಡಿತು: ಯಕೃತ್ತಿನ ಕೆಳಗೆ, ಮೂತ್ರಪಿಂಡದ ಮಗ್ಗುಲಿನ ಸಂದಿನಲ್ಲಿ, ಬೆಳ್ಳಗೆ ಸುರುಳಿ ಸುತ್ತಿಕೊಂಡ ಒಂದು ಎಳೆ.

ಸರ್ಜನ್ ಕೈಯನ್ನು ಮಣಿಕಟ್ಟಿನವರೆಗೆ ಒಳಗಿಳಿಸಿ, ಮುದ್ದೆಯಾದ ಅರಿವೆಯನ್ನು ಹೊರಗೆಳೆದು ಬಕೆಟ್ಟಿಗೆ ಒಗೆದರು. ಅತ್ತಿಗೆ ಅದನ್ನು ಹೆಕ್ಕಿ, ಬರಿದಾಗಿದ್ದ ಕೊಕ್ಕೆಗೆ ಸಿಕ್ಕಿಸಿದಳು.

“ಮೂವತ್ತು,” ಎಂದಳು.

ಎರಡು ಹದಿನೈದಕ್ಕೆ ಸಿಸ್ಟರ್ ಪುಸ್ತಕ ತೆರೆದು, ಆರಂಭದ ಸಂಖ್ಯೆ ಮೂವತ್ತು, ಅಂತ್ಯದ ಸಂಖ್ಯೆ ಮೂವತ್ತು, ಲೆಕ್ಕ ಸರಿ ಎಂದು ಬರೆದು ರುಜು ಹಾಕಿದಳು. ಅತ್ತಿಗೆ ಬಟ್ಟೆ ಬದಲಿಸದೆ ಓಡಿದಳು.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಅಂಗರಚನೆಯ ಅಧ್ಯಾಪಕಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

“ಎರಡು ಇಪ್ಪತ್ತೊಂದು,” ಎಂದರು ಅವರು, ನಮಸ್ಕಾರಕ್ಕೆ ಪ್ರತಿಯಾಗಿ.

“ಥಿಯೇಟರ್‌ನಲ್ಲಿ ಬಾಗಿಲು ಹಾಕಿಬಿಟ್ರು ಮೇಡಂ.”

“ಇಲ್ಲೂ ಹಾಕಿದೀವಿ.”

“ಲೆಕ್ಕ ಕೂಡ್ಲಿಲ್ಲ. ಬಿಟ್ಟು ಬರೋಹಾಗಿರ್ಲಿಲ್ಲ. ಕೇಳಿ ನೋಡಿ ಬೇಕಾದ್ರೆ.”

“ಕೇಳೋದು ನನ್ನ ಕೆಲಸ ಅಲ್ಲ. ಬಾಗಿಲು ಕಾಯೋದು ನನ್ನ ಕೆಲಸ.” ಅಧ್ಯಾಪಕಿ ಅವಳ ತೋಳಿನ ಮೇಲಿದ್ದ ರಕ್ತದ ಕಲೆಯನ್ನು ನೋಡಿ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡರು. “ಥಿಯೇಟರ್ ಬಟ್ಟೇಲಿ ಹೊರಗೆ ಬರೋದೇ ತಪ್ಪು. ಅದನ್ನ ನಾನು ಬರ್ಕೊಳೋದಿಲ್ಲ. ಹೋಗು.”

ಶಾಲೆಯ ಕಚೇರಿಯ ಗುಮಾಸ್ತ ಹಸಿರು ಪುಸ್ತಕವನ್ನು ಬಾಯಿಪಾಠ ಮಾಡಿದ್ದ ಮನುಷ್ಯ. ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಯಾರ ಮೇಲೂ ಪ್ರೀತಿಯೂ ಇರಲಿಲ್ಲ. ಪುಸ್ತಕದಲ್ಲಿ ಅವೆರಡಕ್ಕೂ ಅಂಕಣವಿಲ್ಲ.

“ಹದಿನೇಳನೇ ನಿಯಮ,” ಎಂದು ಅವನು ಕಣ್ಣು ಮುಚ್ಚಿ ಹೇಳಿದ. “ಪರೀಕ್ಷೆ ತಪ್ಪಿದವರಿಗೆ ಮರುಪರೀಕ್ಷೆ ಕೊಡೋದಕ್ಕೆ ನಾಲ್ಕೇ ಕಾರಣ. ಸ್ವಂತ ಕಾಯಿಲೆ. ಹತ್ತಿರದವರ ಸಾವು. ನ್ಯಾಯಾಲಯದ ಕರೆ. ಸಂಸ್ಥೆಯ ಕೆಲಸದಲ್ಲಿ ತಡೆ. ನಿಂದು ನಾಲ್ಕನೇದು. ಬರವಣಿಗೆಯ ಪುರಾವೆ ತಂದ್ಕೊಡು.”

“ಯಾರು ಕೊಡ್ತಾರೆ?”

“ತಡೆದವರು. ಏಳು ದಿನದೊಳಗೆ. ಇಲ್ಲಾಂದ್ರೆ ಗೈರು ಅಂತ ಬೀಳುತ್ತೆ. ನಿಂಗೆ ಇದು ಎರಡನೇದು.”

“ಗೊತ್ತು.”

“ಗೊತ್ತಿದ್ರೆ ಒಳ್ಳೇದು,” ಎಂದು ಅವನು ಮುಂದಿನ ಕಾಗದಕ್ಕೆ ಕೈಹಾಕಿದ.

ಅತ್ತಿಗೆ ಮರಳಿ ಥಿಯೇಟರಿಗೆ ಹೋದಳು. ಸಿಸ್ಟರ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಟೊಪ್ಪಿಗೆ ತೆಗೆದು ಕೂದಲಿನ ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಪಿನ್ನುಗಳೆಲ್ಲ ತಲೆಗೆ ಸೇರುವವರೆಗೆ ಕಾಯಿಸಿದಳು. ಆಮೇಲೆ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು:

“ಹನ್ನೊಂದು ವರ್ಷದಿಂದ ನನ್ನ ಥಿಯೇಟರ್‌ನಲ್ಲಿ ಒಂದೂ ಲೆಕ್ಕ ತಪ್ಪಿಲ್ಲ.”

“ತಪ್ಪಿತ್ತು ಅಂತ ಬರೀಬೇಡಿ ಸಿಸ್ಟರ್. ಎರಡೂಕಾಲುವರೆಗೂ ನಾನು ಒಳಗಿದ್ದೆ ಅಂತ ಒಂದು ಗೆರೆ ಬರ್ದುಕೊಡಿ. ಸಾಕು.”

“ಯಾಕಿದ್ದೆ ಅಂತ ಕೇಳ್ತಾರೆ.”

“ಲೆಕ್ಕ ಕೂಡ್ಲಿಲ್ಲ ಅಂತ...”

“ಕೂಡಿದೆಯಲ್ಲ. ಪುಸ್ತಕ ನೋಡು. ಕೂಡದೇ ಹೋದ ದಿನಕ್ಕೆ ಮಾತ್ರ ವರದಿ ಬರೆಯೋದು. ಕೂಡಿದ ದಿನಕ್ಕೆ ವರದಿ ಬರೆದ್ರೆ ನನ್ನನ್ನ ಹುಚ್ಚಿ ಅಂತಾರೆ.”

“ಹಾಗಾದ್ರೆ ಆ ಒಂದು ಗಂಟೆ ಎಲ್ಲಿ ಹೋಯ್ತು ಸಿಸ್ಟರ್?”

“ಪುಸ್ತಕದಲ್ಲಂತೂ ಇಲ್ಲ.” ಸಿಸ್ಟರ್ ಕಪಾಟಿಗೆ ಬೀಗ ಹಾಕಿದಳು. ಆಮೇಲೆ, ಬಾಗಿಲ ಬಳಿ ನಿಂತು, ಮೊದಲ ಬಾರಿಗೆ ನೇರವಾಗಿ ನೋಡಿದಳು. “ನೀನು ನಾಲ್ಕನೇ ಕಟ್ಟು ಮತ್ತೆ ತೋರಿಸು ಅನ್ನದೆ ಇದ್ದಿದ್ರೆ, ಆ ಮೂವತ್ತು ಇಪ್ಪತ್ತೊಂಬತ್ತಾಗೋದು ಎಷ್ಟು ಸುಲಭ ಇತ್ತು ಗೊತ್ತಾ? ನಿಂಗೂ, ನಂಗೂ. ನಿನ್ನ ಕೈಯಾರೆ ನೀನೇ ಮಾಡ್ಕೊಂಡೆ.”

ರೋಗಿಯ ಕಡತದಲ್ಲಿ ಅರಿವಳಿಕೆ ಕೊಟ್ಟ ವೇಳೆಯೆಲ್ಲ ನಿಮಿಷ ನಿಮಿಷಕ್ಕೆ ಬರೆದಿರುತ್ತದೆಂದು, ಎಕ್ಸ್‌ರೇಯ ಚಿತ್ರವೂ ಅದರಲ್ಲೇ ಸೇರುತ್ತದೆಂದು ಅತ್ತಿಗೆ ಬಲ್ಲಳು. ಆದರೆ ರೋಗಿಯ ಕಡತವನ್ನು ವಿದ್ಯಾರ್ಥಿನಿ ನಕಲು ಮಾಡಿಕೊಂಡರೆ ಅದಕ್ಕೆ ಬೇರೊಂದು ನಿಯಮ, ಬೇರೊಂದು ಶಿಕ್ಷೆ. ಅರಿವಳಿಕೆಯ ವೈದ್ಯರನ್ನು ಅಂಗಳದಲ್ಲಿ ತಡೆದು ಕೇಳಿದಳು. ಅವರು ಕಾರಿನ ಬಾಗಿಲು ಹಿಡಿದೇ ಹೇಳಿದರು: “ನಾನು ರೋಗಿ ಮುಖ ನೋಡ್ತಿದ್ದೆ ತಾಯಿ. ಗಡಿಯಾರ ನೋಡಿಲ್ಲ.”

ಆ ಸಂಜೆ ಹಾಸ್ಟೆಲಿನ ವಾರ್ಡನ್ನರಿಂದ ಮೊಬೈಲು ಇಸಿದುಕೊಂಡು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಎಲ್ಲವನ್ನೂ ಕೇಳಿ ಬಾಯಿ ತೆರೆದಳು.

“ನಿನ್ನ ಮಗಳ ತಲೆ ನಾನಿನ್ನೆಷ್ಟು ವರ್ಷ ಬಾಚ್ಲಿ?”

“ಇನ್ನೊಂದು ವರ್ಷ ಅಕ್ಕ.”

“ಹೋದ ವರ್ಷಾನೂ ಇನ್ನೊಂದು ವರ್ಷ ಅಂದಿದ್ದೆ. ಅದೇನು ನಿಂಗೆ ವರ್ಷ ಅಂದ್ರೆ ನೆಂಟರ ಮನೇಲಿ ಕಾಫಿ ಕುಡಿದ ಹಾಗಾ, ಇನ್ನೊಂದು, ಇನ್ನೊಂದು ಅಂತ? ಇಪ್ಪತ್ತೊಂಬತ್ತು ಅಂತ ಬರ್ದು ಎದ್ದು ಬರೋಕೆ ಏನಾಗಿತ್ತು?”

“ಅವರ ಹೊಟ್ಟೆ ಒಳಗಿತ್ತು ಅಕ್ಕ, ಅದು.”

“ನಮ್ಮಪ್ಪನ ಹೊಟ್ಟೇನಾ ಅದು?”

“ಯಾರಪ್ಪಂದೋ.”

ಅಕ್ಕ ಫೋನನ್ನು ಮಗಳ ಕೈಗೂ ಕೊಡದೆ ಇಟ್ಟುಬಿಟ್ಟಳು.

ನಾಲ್ಕನೆಯ ದಿನ ಪ್ರಾಂಶುಪಾಲೆಯ ಕೋಣೆಯಿಂದ ಕರೆ ಬಂತು. ಅತ್ತಿಗೆಯ ಎದೆಯಲ್ಲಿ ಒಂದು ಕ್ಷಣ ಆಸೆ ಮಿಣುಕಿತು. ಒಳಗೆ ಹೋಗಿ ಅವರ ಮುಖ ನೋಡಿದೊಡನೆ ಆರಿತು. ಮೇಜಿನ ಮೇಲೆ ದೂರಿನ ಪುಸ್ತಕ ತೆರೆದಿತ್ತು. ಗುಮಾಸ್ತ ಪಕ್ಕದಲ್ಲಿ ಶಾಯಿಯ ಮುದ್ರೆ ಹಿಡಿದು ನಿಂತಿದ್ದ.

“ನಿನ್ನ ಮೇಲೆ ದೂರು ಬಂದಿದೆ,” ಎಂದರು ಪ್ರಾಂಶುಪಾಲೆ. “ಆ ಗಡಿಯಾರದವರ ಮಗಳು ಕೊಟ್ಟಿದಾಳೆ. ಓದು.”

ಅಪ್ಪನ ಅಂಗಡಿಯಲ್ಲೇ ಕುಳಿತು ಕೆಲಸ ಮಾಡುವ ಹೆಂಗಸು ಆಕೆ. ಅಕ್ಷರಗಳು ಸಣ್ಣವಾಗಿ, ಒತ್ತಾಗಿ, ಒಂದರ ಹಲ್ಲಿಗೆ ಒಂದು ಕೂತಂತಿದ್ದವು. ನನ್ನ ತಂದೆಯವರ ಶಸ್ತ್ರಚಿಕಿತ್ಸೆ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಬೇಕಾಗಿತ್ತು. ಕರಿಹಲಗೆಯಲ್ಲಿ ಲೆಕ್ಕ ಬರೆಯುತ್ತಿದ್ದ ವಿದ್ಯಾರ್ಥಿನಿಯ ಕಾರಣದಿಂದ ಅದು ಎರಡು ಗಂಟೆ ಹದಿನೈದು ನಿಮಿಷದವರೆಗೆ ನಿಂತಿತೆಂದು ಸ್ವತಃ ಸರ್ಜನ್ ನನಗೆ ತಿಳಿಸಿದರು. ವಯಸ್ಸಾದ ಮನುಷ್ಯನನ್ನು ಒಂದು ಗಂಟೆ ಐದು ನಿಮಿಷ ಹೊಟ್ಟೆ ತೆರೆದು ಮಲಗಿಸಲು ಕಾರಣಳಾದ ಈಕೆಯನ್ನು ಶಿಕ್ಷಿಸಬೇಕು.

ಅತ್ತಿಗೆ ಎರಡು ಸಲ ಓದಿದಳು. ಸರ್ಜನ್ ತಮ್ಮ ಕೈಯನ್ನು ಎಷ್ಟು ಶುದ್ಧವಾಗಿ ತೊಳೆದುಕೊಂಡಿದ್ದರೆಂದರೆ ಅದರ ನೀರೆಲ್ಲ ಅವಳ ತಲೆಯ ಮೇಲೆ ಬಿದ್ದಿತ್ತು. ಒಳಗೆ ಬೆಂಕಿಯಂಥದ್ದೊಂದು ಎದ್ದಿತು. ಆದರೆ ಒಂಬತ್ತು ವರ್ಷ ಆಯಾ ಆಗಿದ್ದವಳಿಗೆ ಬೆಂಕಿಯನ್ನು ನುಂಗಿಕೊಂಡು ಅಕ್ಷರ ನೋಡುವ ಅಭ್ಯಾಸವಿತ್ತು.

“ಒಪ್ಕೊಂಡ್ರೆ ದೂರು ಇವತ್ತೇ ಮುಚ್ಚುತ್ತೆ,” ಎಂದು ಪ್ರಾಂಶುಪಾಲೆ ವಿವರಿಸಿದರು. “ಎರಡು ತಿಂಗಳು ಥಿಯೇಟರ್ ಕೆಲಸ ಮತ್ತೆ ಮಾಡ್ಬೇಕು. ನಡತೆ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತೆ. ಒಪ್ಪಲ್ಲ ಅಂದ್ರೆ ವಿಚಾರಣೆ. ವಿಚಾರಣೆ ಮುಗಿಯೋವರೆಗೂ ಯಾವ ಪರೀಕ್ಷೆಗೂ ಕೂರೋಹಾಗಿಲ್ಲ.”

“ವಿಚಾರಣೆಗೆ ಎಷ್ಟು ದಿನ ಮೇಡಂ?”

“ಹೋದ ಸಲದ್ದು ಏಳು ತಿಂಗಳು,” ಎಂದ ಗುಮಾಸ್ತ.

“ನಿಂಗೆ ಹೇಗಿದ್ರೂ ಗೈರು ಬೀಳುತ್ತೆ,” ಎಂದರು ಪ್ರಾಂಶುಪಾಲೆ. “ಹೆಸರು ತೆಗೆಯೋ ಮೊದಲು ಇದೊಂದು ಬಾಕಿ ಇರೋದು ಬೇಡ. ಒಪ್ಪಿದೀನಿ ಅಂತ ಬರ್ದು ಮರ್ಯಾದೆಯಿಂದ ಹೋಗು.”

ಅತ್ತಿಗೆ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಸಿಸ್ಟರಿನ ಪುಸ್ತಕದಲ್ಲಿ ಇಲ್ಲದ ಆ ಒಂದು ಗಂಟೆ ಐದು ನಿಮಿಷ ಇಲ್ಲಿ, ಈ ಸಣ್ಣಕ್ಷರಗಳಲ್ಲಿ, ಹಗೆಯ ಕೈಯಿಂದ ಬರೆಯಲ್ಪಟ್ಟು, ಒಂದು ನಿಮಿಷವೂ ಕಡಿಮೆಯಾಗದೆ ಕುಳಿತಿತ್ತು. ಅವಳು ಗುಮಾಸ್ತನ ಕಡೆಗೆ ತಿರುಗಿದಳು.

“ಸಾರ್, ಇದು ಬರವಣಿಗೆಯ ಪುರಾವೆ ಆಗುತ್ತಾ? ಹದಿನೇಳನೇ ನಿಯಮಕ್ಕೆ, ನಾಲ್ಕನೇ ಕಾರಣಕ್ಕೆ? ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ ನಾನು ಥಿಯೇಟರ್‌ನಲ್ಲಿದ್ದೆ ಅಂತ ಇದೆ ಇದರಲ್ಲಿ.”

ಗುಮಾಸ್ತ ಕಣ್ಣು ಮುಚ್ಚಿ, ಒಳಗಿನ ಪುಟಗಳನ್ನು ತಿರುವಿದ. “ದೂರು ಒಪ್ಪಿ ಮುಚ್ಚಿದ್ರೆ ಅದು ಸಂಸ್ಥೆಯ ದಾಖಲೆ ಆಗುತ್ತೆ. ದಾಖಲೆ ಅಂದ್ಮೇಲೆ ಪುರಾವೆ. ಏಳು ದಿನ ಇನ್ನೂ ಆಗಿಲ್ಲ.” ಕಣ್ಣು ತೆರೆದ. “ಆಗುತ್ತೆ.”

“ನಿನ್ನನ್ನ ಯಾರಯ್ಯಾ ಕೇಳಿದ್ದು?” ಎಂದರು ಪ್ರಾಂಶುಪಾಲೆ.

“ಅವಳೇ ಮೇಡಂ.”

ದಾರಿ ತೆರೆದಿತ್ತು, ಆ ದಾರಿ ಕೆಸರಿನದು. ಒಪ್ಪಿದರೆ ಪರೀಕ್ಷೆಗೆ ಬಾಗಿಲು, ಸೀಟು, ಮಗಳು. ಒಪ್ಪಿದರೆ ಆ ಮುದುಕರ ಹೊಟ್ಟೆಯಲ್ಲಿ ಅರಿವೆಯನ್ನು ಮರೆತ ಕೈಗಳು ಎಂದೆಂದಿಗೂ ನಿರ್ಮಲ. ಒಪ್ಪದಿದ್ದರೆ ಸತ್ಯ ಅವಳ ಪಾಲಿಗೆ ಉಳಿಯುತ್ತದೆ, ಏಳು ತಿಂಗಳು, ಇರಲೊಂದು ಸೂರಿಲ್ಲದೆ. ದೂರಿನ ಮಾತುಗಳನ್ನು ಅವಳು ಮೂರನೆಯ ಸಲ, ಔಷಧದ ಶೀಸೆಯ ಚೀಟಿಯನ್ನು ಓದುವಷ್ಟು ನಿಧಾನವಾಗಿ ಓದಿದಳು. ಲೆಕ್ಕ ತಪ್ಪಿದಳೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಗಡಿಯಾರದವರ ಮಗಳು ತನಗೆ ಗೊತ್ತಿದ್ದಷ್ಟನ್ನೇ ಬರೆದಿದ್ದಳು: ಇವಳ ಕಾರಣದಿಂದ ನಿಂತಿತು. ನಿಂತದ್ದು ನಿಜ. ಇವಳ ಕಾರಣದಿಂದಲೇ ನಿಂತದ್ದೂ ನಿಜ.

“ಒಪ್ಕೊತೀನಿ ಮೇಡಂ,” ಎಂದಳು. “ಪೆನ್ನು ಕೊಡಿ.”

ಕೆಳಗೆ ಆಪಾದಿತರ ಉತ್ತರವೆಂದು ಹನ್ನೆರಡು ಗೆರೆ ಖಾಲಿ ಬಿಟ್ಟಿತ್ತು. ಪ್ರಾಂಶುಪಾಲೆ ಕಿಟಕಿಯತ್ತ ನೋಡುತ್ತ, “ಒಂದು ಗೆರೆ ಸಾಕು,” ಎಂದರು. ಅತ್ತಿಗೆ ಕೆಳಗಿನ ಕಾರ್ಬನ್ ಪ್ರತಿಗಳಿಗೂ ಮೂಡುವಂತೆ ಪೆನ್ನನ್ನು ಒತ್ತಿ ಬರೆದಳು.

ಶಸ್ತ್ರಚಿಕಿತ್ಸೆ ನನ್ನ ಕಾರಣದಿಂದ ನಿಂತಿತೆಂಬುದನ್ನು ಒಪ್ಪಿದ್ದೇನೆ. ಆರಂಭದಲ್ಲಿ ಮೂವತ್ತು ಮಾಪುಗಳನ್ನು ಬಿಡಿಬಿಡಿಯಾಗಿ ಎಣಿಸಿ ಬರೆದಿದ್ದೆ. ಒಂದು ಗಂಟೆ ಹತ್ತು ನಿಮಿಷಕ್ಕೆ ಇಪ್ಪತ್ತೊಂಬತ್ತು ಮಾತ್ರ ಇದ್ದವು. ಮೂವತ್ತನ್ನು ಇಪ್ಪತ್ತೊಂಬತ್ತೆಂದು ತಿದ್ದಿದರೆ ಹೊಟ್ಟೆ ಮುಚ್ಚಬಹುದೆಂದು ಸರ್ಜನ್ ನನಗೆ ಹೇಳಿದರು. ನಾನು ತಿದ್ದಲಿಲ್ಲ. ಎಕ್ಸ್‌ರೇ ತೆಗೆದ ಮೇಲೆ ಮೂವತ್ತನೆಯದನ್ನು ರೋಗಿಯ ಯಕೃತ್ತಿನ ಕೆಳಗಿನಿಂದ ಹೊರತೆಗೆಯಲಾಯಿತು. ಈ ಒಂದು ಗಂಟೆ ಐದು ನಿಮಿಷವೂ ನಾನು ಅಲ್ಲಿಯೇ ಇದ್ದೆ. ಶಿಕ್ಷೆಗೆ ಬದ್ಧಳಾಗಿದ್ದೇನೆ.

ರುಜು ಹಾಕಿ ಪುಸ್ತಕವನ್ನು ತಿರುಗಿಸಿ ಇಟ್ಟಳು. ಪ್ರಾಂಶುಪಾಲೆ ಓದಿದರು. ಓದುತ್ತ ಓದುತ್ತ ಅವರ ಕತ್ತಿನ ನರ ಬಿಗಿಯಿತು.

“ಇದನ್ನ ಒಪ್ಪಿಗೆ ಅಂತಾರಾ?”

“ಮೊದಲನೇ ಸಾಲೇ ಅದು ಮೇಡಂ.”

“ಹರಿದ್ಹಾಕಯ್ಯಾ ಈ ಪುಟಾನ.”

“ಹರಿಯೋಕೆ ಬರಲ್ಲ,” ಎಂದ ಗುಮಾಸ್ತ. “ಪುಟಕ್ಕೆ ನಂಬರ್ ಇದೆ. ಕೆಳಗೆ ಕಾರ್ಬನ್ ಪ್ರತಿಗಳಿವೆ. ಒಂದು ನಮಗೆ, ಒಂದು ಆಸ್ಪತ್ರೆ ಅಧೀಕ್ಷಕರಿಗೆ, ಒಂದು ದೂರು ಕೊಟ್ಟವರಿಗೆ. ಉತ್ತರಾನ ಒಂದಕ್ಷರ ಬದಲಾಯಿಸದೆ ಕಳಿಸ್ಬೇಕು. ನಲವತ್ತನೇ ನಿಯಮ. ಎರಡು ವರ್ಷದ ಹಿಂದೆ ನೀವೇ ಸೇರಿಸಿದ್ದು ಮೇಡಂ.”

“ನೀನು ಸ್ವಲ್ಪ ಬಾಯಿ ಮುಚ್ಚು.”

ಅವನು ಬಾಯಿ ಮುಚ್ಚಿದ. ಮುದ್ರೆಯನ್ನು ಮಾತ್ರ ಕೆಳಗಿಡಲಿಲ್ಲ. ಪ್ರಾಂಶುಪಾಲೆ ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಭಾರಿ ಜಾಣೆ ಅನ್ಕೊಂಡಿದೀಯ. ಮುಂದಿನ ತಿಂಗಳು ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕರಾಗಿ ಯಾರು ಕೂರ್ತಾರೆ ಗೊತ್ತಲ್ಲ?”

“ಗೊತ್ತು ಮೇಡಂ. ಸರ್ಜನ್ ಸಾರ್.”

“ಎರಡು ತಿಂಗಳು ಯಾರ ಕೈಕೆಳಗೆ ಕೆಲಸ ಮಾಡ್ಬೇಕು ಗೊತ್ತಲ್ಲ?”

“ಸಿಸ್ಟರ್ ಕೈಕೆಳಗೆ.”

“ಗೊತ್ತಿದ್ದೂ ಬರ್ದಿದೀಯ.”

ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ನೆಲದತ್ತ ನೋಡಲಿಲ್ಲ. ಪ್ರಾಂಶುಪಾಲೆ ಕೈಯನ್ನು ನೊಣ ಓಡಿಸುವಂತೆ ಆಡಿಸಿದರು. ಗುಮಾಸ್ತ ಮುದ್ರೆಯನ್ನು ಒತ್ತಿದ. ಮರುಪರೀಕ್ಷೆಯ ಚೀಟಿಯನ್ನು ಕೊಡುವಾಗ ಅವನು ಅವಳ ಮುಖವನ್ನೂ ನೋಡಲಿಲ್ಲ. “ಮಂಗಳವಾರ ಎರಡಕ್ಕೆ. ಹತ್ತು ನಿಮಿಷ ತಡವಾದ್ರೆ ಬಿಡಲ್ಲ,” ಎಂದ.

ನಡುವಿನ ದಿನಗಳಲ್ಲಿ ಊಟದ ಮೇಜಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಬೀಳತೊಡಗಿತು. ಸರ್ಜನ್ನರ ಕೈಯಲ್ಲಿ ಎಲ್ಲ ಹುಡುಗಿಯರ ಅಂಕಗಳೂ ಇದ್ದವು. ಅತ್ತಿಗೆ ಎಂದು ಕರೆಯುವವರೂ ಕಡಿಮೆಯಾದರು. ಥಿಯೇಟರಿನಲ್ಲಿ ಸಿಸ್ಟರ್ ಅವಳನ್ನು ಬಕೆಟ್ ತೊಳೆಯುವುದಕ್ಕೆ ಹಾಕಿದಳು; ಅದು ಅವಳಿಗೆ ತಿಳಿದ ಕೆಲಸವೇ ಆದ್ದರಿಂದ ಸಿಸ್ಟರಿನ ಸಿಟ್ಟು ಮತ್ತಷ್ಟು ಕುದಿಯಿತು.

ಮಂಗಳವಾರ ಒಂದೂಮುಕ್ಕಾಲಿಗೆ ಅವಳು ಪರೀಕ್ಷೆಯ ಕೋಣೆಯ ಮೊಗಸಾಲೆಗೆ ಬಂದಾಗ ಬೆಂಚಿನ ಮೇಲಿಂದ ಒಬ್ಬಾಕೆ ಎದ್ದು ಅಡ್ಡ ನಿಂತಳು. ನಲವತ್ತರ ಆಸುಪಾಸಿನ ಹೆಂಗಸು. ಬಲಗಣ್ಣಿನ ಸುತ್ತ, ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯ ಗುರುತು ಉಂಗುರದಂತೆ ಒತ್ತಿತ್ತು. ಕೈಯಲ್ಲಿ ನೀಲಿಯ ಕಾರ್ಬನ್ ಪ್ರತಿ.

“ಕರಿಹಲಗೆಯವಳು ನೀನೇನಾ?”

“ಹೌದು. ಅಪ್ಪ ಹೇಗಿದಾರೆ?”

“ಅಪ್ಪನ ಸುದ್ದಿ ಆಮೇಲೆ. ಅವತ್ತು ನಾನು ಥಿಯೇಟರ್ ಬಾಗಿಲ ಮುಂದೇನೇ ಕೂತಿದ್ದೆ. ನನ್ನ ಮುಂದೇನೇ ಓಡಿಹೋದೆ ನೀನು. ಆಗ ಯಾಕೆ ಹೇಳ್ಲಿಲ್ಲ?”

“ಪರೀಕ್ಷೆಗೆ ಓಡ್ತಿದ್ದೆ.”

“ನಿಂಗೆ ನಿನ್ನ ಪರೀಕ್ಷೆ. ಆ ಸರ್ಜನ್‌ಗೆ ಅವನ ಹೆಸರು. ನಮ್ಮಪ್ಪ ಮಧ್ಯದಲ್ಲಿ ಮೇಜಿನ ಮೇಲೆ.” ಆಕೆಯ ದನಿ ಏರಲಿಲ್ಲ, ಸಣ್ಣ ತಿರುಪನ್ನು ಬಿಗಿಮಾಡುವಂತೆ ಒಂದೇ ಸಮನೆ ಒತ್ತುತ್ತಿತ್ತು. “ಈ ಕಾಗದ ಅಧೀಕ್ಷಕರಿಗೆ ತೋರಿಸ್ದೆ. ಶಿಕ್ಷೆ ಆದ ಹುಡುಗಿ ಸಿಟ್ಟಿಗೆ ಬರ್ದಿದ್ದು ಅಂತಾರೆ. ನಡಿ ನನ್ನ ಜೊತೆ. ಅವರೆದುರು ನಿಂತು ಬಾಯಿಬಿಟ್ಟು ಹೇಳು.”

“ಹೇಳ್ತೀನಿ. ಪರೀಕ್ಷೆ ಮುಗಿಸಿ ಬರ್ತೀನಿ.”

“ಎಷ್ಟು ಹೊತ್ತು?”

“ಮೂರು ಗಂಟೆ.”

“ಅಷ್ಟರಲ್ಲಿ ಯಾರಾದ್ರೂ ನಿನ್ನ ಕಿವಿ ತಿರುಚಿದ್ರೆ?”

“ತಿರುಚಿ ಆಗಿದೆ. ಇನ್ನೇನೂ ಉಳಿದಿಲ್ಲ.”

ಆಕೆ ನಗಲಿಲ್ಲ. ಥ್ಯಾಂಕ್ಸ್ ಎಂದೂ ಹೇಳಲಿಲ್ಲ. ಅತ್ತಿಗೆಯ ಮುಖವನ್ನು, ನಿಂತುಹೋದ ಗಡಿಯಾರವನ್ನು ನೋಡುವಂತೆ ಅನುಮಾನದಿಂದ ನೋಡಿದಳು. “ನಾನಿಲ್ಲೇ ಕೂತಿರ್ತೀನಿ,” ಎಂದು ಬಾಗಿಲಿಗೆ ಎದುರಾಗಿ ಬೆಂಚನ್ನು ಎಳೆದುಕೊಂಡಳು.

ಅಂಗರಚನೆಯ ಅಧ್ಯಾಪಕಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಪ್ಪೇನೂ ಸಿಗದೆ, ಅವಳನ್ನು ಒಳಗೆ ಬಿಟ್ಟರು. ಅಷ್ಟು ದೊಡ್ಡ ಕೋಣೆಯಲ್ಲಿ ಅವಳೊಬ್ಬಳಿಗೇ ಒಂದು ಮೇಜು ಹಾಕಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹೊಳೆಯಲಿಲ್ಲ. ಮೂರನೆಯದು ಅರಿವಳಿಕೆಯ ಔಷಧಗಳನ್ನು ಕುರಿತದ್ದು; ಅದು ಅವಳಿಗೆ ಗೊತ್ತಿತ್ತು. ಅಲ್ಲಿಂದಲೇ ಬರೆಯಲು ತೊಡಗಿದಳು.